ಪೂಜೆಗೆ ಮೊದಲಿನ ಪುಡಿ

ಇಷ್ಟಲಿಂಗ ಪೂಜೆ ಮುಗಿಯದೆ ಶಂಕ್ರಪ್ಪ ಏನೂ ತಿನ್ನುವವರಲ್ಲ. ಔಷಧಕ್ಕೆ ಮಾತ್ರ ಆ ನೇಮವಿಲ್ಲ. ಬಾದಾಮಿಯಲ್ಲಿರುವ ಅಣ್ಣ ಗುರಪ್ಪ ಕಳಿಸಿದ ಸಕ್ಕರೆ ಕಾಯಿಲೆಯ ಪುಡಿಯನ್ನು ಎದ್ದ ಕೂಡಲೇ ಬಿಸಿನೀರಿನಲ್ಲಿ ಕಲಸಿ ಕುಡಿಯುತ್ತಿದ್ದರು. ನಾಷ್ಟಾದ ಹೊತ್ತಿಗೆ ನುಂಗಬೇಕಾದ ಡಾಕ್ಟರ ಗುಳಿಗೆಯನ್ನೂ ಈಗೀಗ ಅದರ ಜೊತೆಗೇ ಮುಗಿಸಿಬಿಡುತ್ತಿದ್ದರು.

ಅಂದು ಶ್ರಾವಣ ಸೋಮವಾರ. ಪೂಜೆ ಉದ್ದವಾಗಿತ್ತು. ಹುನಗುಂದದ ಆ ಮನೆಯ ಅಡುಗೆಮನೆಯಲ್ಲಿ ಹೆಂಡತಿ ಶಿವಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಪೂಜಾಕೋಣೆಯಿಂದ ಕೇಳುತ್ತಿದ್ದ ಗಂಡನ ಮಂತ್ರ ನಡುವೆ ನಿಂತಿತು. ಮೊದಲಿನಿಂದ ಶುರುವಾಗಿ ಮತ್ತೆ ಅಲ್ಲೇ ನಿಂತಿತು. ಪೂಜೆಗೆ ಕೂತವರನ್ನು ಮಾತಾಡಿಸಬಾರದು. ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿದಾಗ ಅದನ್ನು ಬಿಟ್ಟು ಮತ್ತೆ ಹೋದಳು.

ಲಿಂಗವಿದ್ದ ಎಡಗೈ ನಡುಗುತ್ತಿತ್ತು. ಅದು ಜಾರದಂತೆ ಬಲಗೈಯಿಂದ ಒತ್ತಿ ಹಿಡಿದಿದ್ದರು. ಬೆನ್ನ ತುಂಬ ಬೆವರು.

“ಸಕ್ಕರಿ ನೀರು ಕುಡೀರಿ,” ಎಂದು ಲೋಟದಲ್ಲಿ ಕಲಸಿ ತಂದು ಹಿಡಿದಳು.

“ಪೂಜಿ... ಆಗಿಲ್ಲ.”

“ಲಿಂಗಕ್ಕ ಅರ್ಪಿಸ್ರಿ. ಆಮ್ಯಾಲೆ ಅದು ಪ್ರಸಾದ. ಪ್ರಸಾದ ಒಲ್ಲೆ ಅಂತೀರೇನು?”

ಕುಡಿದರು. ಸ್ವಲ್ಪ ಹೊತ್ತಿನ ಮೇಲೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೀಟರು ಆಗಲೂ ಬರೀ ಐವತ್ತೆಂಟು ತೋರಿಸಿತು. ಶಂಕ್ರಪ್ಪನ ಮುಖ ಅರಳಿತು.

“ನೋಡು, ಇನ್ನೂರೈವತ್ತು ಇದ್ದದ್ದು ಎಲ್ಲಿಗೆ ಬಂತು! ಅಣ್ಣನ ಪುಡಿ ಅಂದ್ರ ಪುಡಿ.”

“ಇನ್ನೊಂದು ಚಮಚ ಹೆಚ್ಚಾಗಿದ್ರ ಸಕ್ಕರಿ ಜೋಡಿ ನೀವೂ ಹೋಗಿಬಿಡ್ತಿದ್ರಿ,” ಎಂದು ಇನ್ನೊಂದು ಲೋಟ ಕುಡಿಸಿ, ರೊಟ್ಟಿ ತಿನ್ನಿಸಿ ದವಾಖಾನೆಗೆ ಕರೆದೊಯ್ದಳು.

ಡಾಕ್ಟರು ಪುಡಿಯ ಡಬ್ಬಿ ತಿರುಗಿಸಿ ನೋಡಿದರು. ಮೇಲೆ ಎಲೆಯ ಚಿತ್ರವಿತ್ತು. ಒಳಗೇನಿದೆ ಎಂದು ಬರೆದಿರಲಿಲ್ಲ.

“ಬರೇ ಬೇರು ತೊಪ್ಪಲ ಐತೋ, ಸಕ್ಕರಿ ಇಳಿಸೋ ಗುಳಿಗೀನೂ ಕುಟ್ಟಿ ಹಾಕ್ಯಾರೋ, ತಪಾಸ ಮಾಡದ ಹೇಳಾಕ ಬರಂಗಿಲ್ಲ. ಇದನ್ನ ಬಿಡ್ರಿ. ನಮ್ಮ ಗುಳಿಗಿ ಬಿಡಬ್ಯಾಡ್ರಿ, ನಾಷ್ಟಾದ ಜೋಡಿನ ತಗೋರಿ.”

ಹೊರಗೆ ಬಂದ ಮೇಲೆ ಶಂಕ್ರಪ್ಪ, “ಗುಳಿಗಿ ಬಿಟ್ಟು ಬರೇ ಪುಡಿ ತಗೊಂಡ್ರ?” ಎಂದರು.

ಶಿವಲಿಂಗವ್ವ ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

“ಅಲ್ಲ, ಅಣ್ಣ ಎರಡೂ ತಗೋತಾನ. ಅವಂಗೇನಾಗೇತಿ?”

ಅವಳು ನಡೆಯುವುದನ್ನು ನಿಲ್ಲಿಸಿದಳು. ಗಂಡನ ಕಿಸೆಯಿಂದ ಫೋನು ತೆಗೆದು ಭಾವನಿಗೆ ಹಚ್ಚಿದಳು. ಬಸ್ಸಿನ ಸದ್ದಿನ ನಡುವೆ ಗುರಪ್ಪನ ದನಿ ಕೇಳಿತು.

“ಏನವಾ, ಪುಡಿ ತೀರೇತೇನು?”

“ಇವತ್ತು ನೀವು ತಗೊಂಡ್ರೇನ್ರಿ, ಭಾವಾರ?”

“ಹೂಂ. ಗುಳಿಗೀನೂ ಆತು.”

“ಏನರ ತಿಂದೀರಿ?”

“ಎಲ್ಲಿ ತಿನ್ನೂದು, ಬಸ್ ಬಂದ್ಬಿಡ್ತು. ಬಾಗಲಕೋಟಿಗೆ ಹೋಗಿ ತಿಂತೇನಿ. ಯಾಕ... ಏನಂದಿ? ಬಸ್ ಬಂದ್ಬಿಡ್ತು.”

ಅದೇ ಮಾತನ್ನು ಅವರು ಎರಡನೆಯ ಸಲ ಹೇಳಿದ್ದರು, ಬೆಳಿಗ್ಗೆ ಗಂಡನ ಮಂತ್ರ ಮತ್ತೆ ಅಲ್ಲೇ ನಿಂತ ಹಾಗೆ.

“ಭಾವಾರ, ಬಾಜೂಕ ಯಾರು ಕೂತಾರ?” ಎಂದಳು ಶಿವಲಿಂಗವ್ವ. “ಅವರ ಕೈಯಾಗ ಫೋನ್ ಕೊಡ್ರಿ.”