ನಡುವಿನ ಬಿಳಿ ಕೀ

ರಸ್ ಪೆಂಗೆಲಿ ಹೊಸ ಕೀಬೋರ್ಡ್ ಕೊಂಡದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅಡಿಲೇಡಿನಿಂದ ದೂರದ ನಮ್ಮ ವಯಾಲ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅವನಿಗೆ ಸಂಬಳವೇನೂ ಕಡಿಮೆಯಿರಲಿಲ್ಲ. ಆದರೂ ಬಾಗಿಲು ಮುಚ್ಚುತ್ತಿರುವ ಚರ್ಚು, ತೀರಿಕೊಂಡವರ ಮನೆ ಖಾಲಿ ಮಾಡುವ ಮಾರಾಟ, ಊರಾಚೆ ಕಸದ ಗುಂಡಿಯ ಪಕ್ಕದ ಹಳೇ ಸಾಮಾನಿನ ಅಂಗಡಿ, ಇವೇ ಅವನ ಸಂತೆ. ನಮ್ಮ ಅಪ್ಪಂದಿರ ಕಾಲದ ಆರ್ಗನ್ನು, ಅರ್ಧ ಮೂಕಾದ ಎಲೆಕ್ಟ್ರಿಕ್ ಪಿಯಾನೊ, ಗುಂಡಿಗಳು ಉದುರಿಹೋದ ಸಿಂಥಸೈಜರ್ ಎಲ್ಲ ಅವನ ಹಿತ್ತಲಿನ ತಗಡಿನ ಶೆಡ್ಡಿಗೆ ಬಂದು ಸೇರುತ್ತಿದ್ದವು. ಅದಿರಿನ ಕೆಂಪು ಧೂಳು ಕೂರದಿರಲೆಂದು ಅವುಗಳಿಗೆ ಹಳೆಯ ಕಂಬಳಿ ಹೊದಿಸಿಡುತ್ತಿದ್ದ.

"ಇನ್ನೊಂದು ತಂದ್ರೆ ನಾನು ಶೆಡ್ಡಲ್ಲಿ ಮಲಗ್ತೀನಿ. ನೀನು ಅದನ್ನ ಮಂಚದ ಮೇಲೆ ಮಲಗಿಸ್ಕೋ" ಎನ್ನುತ್ತಿದ್ದಳು ಅವನ ಹೆಂಡತಿ ಜಾನೀನ್.

"ಕಂಬಳಿ ಮಾತ್ರ ಅದರದ್ದೇ ತರಬೇಕಾಗುತ್ತೆ" ಎನ್ನುತ್ತಿದ್ದ ರಸ್.

ನಾವು ನಾಲ್ವರು ಶುಕ್ರವಾರ ಸಂಜೆ ಬೋಲಿಂಗ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದೆವು. ಬೇಸ್ ಗಿಟಾರ್ ನನ್ನದು. ಹಗಲು ನನಗೆ ಶಾಲೆಯ ಕಟ್ಟಡ, ಅಂಗಳ ನೋಡಿಕೊಳ್ಳುವ ಕೆಲಸ. ಜನ ಊಟ ಮಾಡುತ್ತ, ಬಿಯರ್ ಕುಡಿಯುತ್ತ, ಮಧ್ಯೆ ಮಧ್ಯೆ ನಮ್ಮ ಕಡೆ ನೋಡುವವರು. ಕೀಬೋರ್ಡಿನ ದನಿ ಹಳೆಯದೋ ಹೊಸದೋ ಎಂದು ಅಲ್ಲಿ ಕೇಳುವವರೇ ಇರಲಿಲ್ಲ. ರಸ್‌ಗೆ ಮಾತ್ರ ಅದೇ ಊಟ, ಅದೇ ನಿದ್ದೆ.

ಕಸದ ಅಂಗಡಿಯಲ್ಲಿ ಅವನಿಗೆ ಆ ಸ್ಯಾಂಪ್ಲರ್ ಸಿಕ್ಕಿದ್ದು ಬೇಸಿಗೆಯಲ್ಲಿ. ಎಂಬತ್ತರ ದಶಕದ ಕೀಬೋರ್ಡು. ಯಾವುದೇ ಶಬ್ದವನ್ನು ಮೈಕಿನಲ್ಲಿ ಹಿಡಿದು ಫ್ಲಾಪಿಯಲ್ಲಿ ಇಟ್ಟುಕೊಂಡರೆ, ಅದೇ ಶಬ್ದವನ್ನು ಏರಿಸಿ ಇಳಿಸಿ ಎಲ್ಲ ಕೀಗಳಲ್ಲೂ ನುಡಿಸುತ್ತದೆ. ಜೊತೆಗೆ ಒಂದು ಶೂ ಡಬ್ಬದ ತುಂಬ ಫ್ಲಾಪಿಗಳು. ಒಂದು ಹಳೇ ಸೈಕಲ್ಲಿಗಿಂತ ಅಗ್ಗಕ್ಕೆ ಕೊಟ್ಟರು. ವಾರಗಟ್ಟಲೆ ಕೂತು ಅದನ್ನು ಬಿಚ್ಚಿ, ಒರೆಸಿ, ಬೆಸುಗೆ ಹಾಕಿ ಬಾಯಿ ಬರಿಸಿದ. ಆಮೇಲೆ ಒಂದು ದಿನ ನನಗೆ ಫೋನ್ ಮಾಡಿದ.

"ಈಗಲೇ ಬಾ ಗುರು. ಇದನ್ನ ಕೇಳು."

ಹೋದೆ. ಒಂದು ಫ್ಲಾಪಿ ಹಾಕಿ, ಎರಡೂ ಕೈಯಲ್ಲಿ ಕೀಗಳನ್ನು ಒತ್ತಿ ಹಿಡಿದ. ಗಂಡುದನಿಯ ಒಂದು ಗುಂಪು "ಆ..." ಎಂದು ಹಾಡಿತು. ಮೊದಲಿಗೆ ಸಣ್ಣದೊಂದು ಉಸಿರು, ಕೊನೆಗೆ ಗಂಟಲು ಒಡೆದಂಥ ಒಂದು ಬಿರುಕು. ಗುಂಪೆಂದರೆ ಗುಂಪಲ್ಲ, ಒಬ್ಬನದೇ ದನಿ ಹತ್ತು ಕೀಗಳಲ್ಲಿ ಹತ್ತು ಜನವಾಗಿತ್ತು. ತಗಡಿನ ಶೆಡ್ಡಿನ ಸೆಖೆಯಲ್ಲೂ ನನ್ನ ಕೈ ಮೇಲಿನ ಕೂದಲು ನಿಂತವು.

"ಇಪ್ಪತ್ತು ವರ್ಷದಿಂದ ಹುಡುಕ್ತಿದ್ದದ್ದು ಇದನ್ನೇ" ಎಂದ ರಸ್. "ಯಾರೋ ಮನೇಲಿ ಕೂತು ಮಾಡ್ಕೊಂಡಿದ್ದಾರೆ. ಯಾರಿರಬಹುದು?"

"ಯಾರಾದ್ರೂ ಆಗ್ಲಿ. ಸ್ವಲ್ಪ ಗಂಟಲು ನೋವಿತ್ತು ಅನ್ಸುತ್ತೆ" ಎಂದೆ ನಾನು. ಇಬ್ಬರೂ ನಕ್ಕೆವು.

ಆ ಶುಕ್ರವಾರವೇ ಒಂದು ನಿಧಾನದ ಹಾಡಿಗೆ ಅದನ್ನು ಸೇರಿಸಿದೆವು. ಒಂದೆರಡು ವಾರ ಚೆನ್ನಾಗಿಯೇ ನಡೆಯಿತು. ಆಮೇಲೊಂದು ಸಂಜೆ, ಹಾಡಿನ ಅರ್ಧಕ್ಕೆ, ಕಿಟಕಿ ಪಕ್ಕದ ಮೇಜಿನಿಂದ ಒಬ್ಬ ಹೆಂಗಸು ಎದ್ದು ನೆಟ್ಟಗೆ ನಮ್ಮ ಕಡೆ ನಡೆದುಬಂದಳು. ನೋಡಿದರೆ ವೆಸ್ನಾ, ನಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವವಳು. ಕೈಯಲ್ಲಿ ಫೋರ್ಕು ಹಾಗೇ ಇತ್ತು. ರಸ್ ಎದುರು ನಿಂತು ಅವನ ಕೈಗಳನ್ನೇ ನೋಡಿದಳು. ಅವನು ನುಡಿಸುವುದನ್ನು ನಿಲ್ಲಿಸಿದ.

"ಇದು ನಿಮಗೆ ಎಲ್ಲಿ ಸಿಕ್ತು?"

"ಕಸದ ಅಂಗಡೀಲಿ. ಯಾಕೆ?"

"ಇದು ನನ್ನ ಮಗ" ಎಂದಳು ವೆಸ್ನಾ.

ಅವಳ ಮಗ ಡಾಮಿರ್ ಸತ್ತು ಹತ್ತು ವರ್ಷದ ಮೇಲಾಗಿತ್ತು. ಪೋರ್ಟ್ ಆಗಸ್ಟಾ ಹೆದ್ದಾರಿಯಲ್ಲಿ ಅವನ ಕಾರಿಗೆ ಲಾರಿ ಬಡಿದಿತ್ತು. ಹತ್ತೊಂಬತ್ತರ ಹುಡುಗ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನಿಗೆ ಸಂಗೀತದ ಹುಚ್ಚಿತ್ತೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಅವನ ಕೀಬೋರ್ಡು ಮನೆಯ ಶೆಡ್ಡಿನಲ್ಲೇ ಇದೆಯೆಂದು ವೆಸ್ನಾ ತಿಳಿದಿದ್ದಳು. ಅದರೊಳಗೆ ಅವನ ದನಿ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ರಸ್‌ನ ಮನೆಗೆ ಬಂದಳು. ರಸ್ ಕುರ್ಚಿ ಹಾಕಿ, ಫ್ಲಾಪಿ ಹಾಕಿ, ನಡುವಿನ ಒಂದು ಬಿಳಿ ಕೀ ತೋರಿಸಿದ.

"ಅವನು ಹಾಡಿದ್ದು ಈ ಕೀಗೆ. ಇಲ್ಲಿ ಮಾತ್ರ ಅವನ ನಿಜವಾದ ದನಿ. ಬೇರೆಲ್ಲ ಕಡೆ ಎಳೆದಿರುತ್ತೆ ಇಲ್ಲ ಕುಗ್ಗಿಸಿರುತ್ತೆ."

ಅವಳು ಅದನ್ನು ಒತ್ತಿದಳು. ಕೈ ತೆಗೆಯಲಿಲ್ಲ. ದನಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. ಆಮೇಲೆ ಬಲಕ್ಕೆ ಸರಿದು ಮೇಲಿನ ಕೀಗಳನ್ನು ಒತ್ತಿದಳು. ದನಿ ಎಳೆಯದಾಯಿತು, ಇನ್ನೂ ಎಳೆಯದಾಯಿತು.

"ಐದನೇ ಕ್ಲಾಸಲ್ಲಿ ಹೀಗೇ ಇದ್ದ" ಎಂದಳು. ಆಮೇಲೆ ಎಡಕ್ಕೆ ಬಂದು, ನಡುವಿನ ಕೀಗಿಂತ ಸ್ವಲ್ಪ ಕೆಳಗಿನದನ್ನು ಒತ್ತಿ, "ಈಗ ಇದ್ದಿದ್ರೆ ಇಷ್ಟು ದಪ್ಪ ಆಗಿರ್ತಿತ್ತಾ?" ಎಂದು ಕೇಳಿದಳು.

ಚಹಾ ತಂದ ಜಾನೀನ್ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅವಳು ಮೆಲ್ಲಗೆ, "ಫೋನಲ್ಲಿ ರೆಕಾರ್ಡ್ ಮಾಡ್ಕೊಡ್ಲಾ? ಮನೇಲೇ ಕೇಳಬಹುದು" ಎಂದಳು.

"ಬೇಡಮ್ಮ" ಎಂದಳು ವೆಸ್ನಾ. "ಫೋನಲ್ಲಿದ್ರೆ ನಾನು ಬೇರೆ ಕೆಲಸ ಮಾಡಲ್ಲ. ವಾರಕ್ಕೊಂದ್ಸಲ ಬಂದು ಹೋಗ್ತೀನಿ, ನಿಮಗೆ ತೊಂದರೆ ಇಲ್ದಿದ್ರೆ."

ತನ್ನನ್ನು ತಾನು ಅರಿತಿದ್ದ ಹೆಂಗಸು. ಆದರೆ ಅರಿವೊಂದೇ ಸಾಲಲಿಲ್ಲ. ಶನಿವಾರ ಬರುತ್ತಿದ್ದವಳು ಬುಧವಾರವೂ ಬಂದಳು. ಬೇಸಿಗೆ ಕಳೆಯುವ ಹೊತ್ತಿಗೆ ದಿನಾ ಬರತೊಡಗಿದಳು. ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಪೇಸ್ಟಿ ಕಡುಬುಗಳು ಸೀದುಹೋಗುತ್ತಿದ್ದವು. ಮಕ್ಕಳು ಚಿಲ್ಲರೆ ಹಿಡಿದು ನಿಂತಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ. ಒಂದು ದಿನ ನಾನೇ ಒಲೆ ಆರಿಸಿದೆ. ಅವಳು ನನ್ನನ್ನು ನೋಡಿ, "ಹೌದಾ, ಹತ್ತಿಸಿದ್ನಾ?" ಎಂದಳಷ್ಟೆ. ಆಮೇಲೆ ಅವಳ ಜಾಗಕ್ಕೆ ಬೇರೆಯವರು ಬಂದರು.

ಆ ದನಿಯನ್ನು ನಾವು ಕ್ಲಬ್ಬಿನಲ್ಲಿ ಮತ್ತೆ ನುಡಿಸಲಿಲ್ಲ. ಇಷ್ಟು ವರ್ಷ ಹುಡುಕಿ ಸಿಕ್ಕಿದ್ದನ್ನು ತಾನು ಮುಟ್ಟುವ ಹಾಗಿಲ್ಲ ಎಂಬ ಕಹಿ ರಸ್‌ನ ಮನಸ್ಸಿನಲ್ಲಿ ಇತ್ತು. ಅದನ್ನು ಅವನು ಮುಚ್ಚಿಡಲೂ ಇಲ್ಲ. "ನಂದೇ ಶೆಡ್ಡು, ನಾನೇ ಬಾಗಿಲು ತಟ್ಟಿ ಒಳಗೆ ಹೋಗ್ಬೇಕು" ಎಂದ ಒಮ್ಮೆ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು.

ಆಗ ಬಂದವನು ವೆಸ್ನಾಳ ಗಂಡ ಆಂಟೆ. ಅವನೂ ಕಾರ್ಖಾನೆಯವನೇ, ವೆಲ್ಡರ್. ಪಾಳಿ ಮುಗಿದು ಹೊರಬರುವಾಗ ರಸ್‌ನನ್ನು ಕಾರುಗಳ ನಡುವೆ ತಡೆದ.

"ಆ ಕೀಬೋರ್ಡನ್ನ ಕಸದ ಅಂಗಡೀಲಿ ಇಟ್ಟವನು ನಾನು."

"ಒಳಗೇನಿದೆ ಅಂತ ಗೊತ್ತಿರ್ಲಿಲ್ಲ ನಿಂಗೆ, ಅಲ್ವಾ?"

"ಗೊತ್ತಿದ್ದಕ್ಕೇ ಇಟ್ಟೆ" ಎಂದ ಆಂಟೆ. "ಹುಡುಗ ಹೋದ ಮೇಲೆ ಅವಳು ಚರ್ಚಿಗೆ ಹೋದ್ಲು, ಕೆಲಸಕ್ಕೆ ಹೋದ್ಲು. ನಾನು ಶೆಡ್ಡಿಗೆ ಹೋದೆ. ಗಾಳ ಸರಿ ಮಾಡ್ತೀನಿ ಅಂತ ಸುಳ್ಳು ಹೇಳಿ ಬಾಗಿಲು ಹಾಕ್ಕೊಂಡು ಆ ಕೀ ಒತ್ತಿಕೊಂಡು ಕೂರ್ತಿದ್ದೆ. ವರ್ಷಗಟ್ಟಲೆ. ಒಂದಿನ ನೋಡ್ತೀನಿ, ಅವನ ಮುಖಾನೇ ನೆನಪಿಗೆ ಬರ್ತಿಲ್ಲ. ಬರೀ ಆ 'ಆ' ಅನ್ನೋದೊಂದೇ ಉಳಿದಿದೆ. ಅವತ್ತೇ ಗಾಡಿಗೆ ಹಾಕ್ಕೊಂಡು ಹೋಗಿ ಇಳಿಸಿಬಿಟ್ಟೆ. ಈಗ ಅವಳನ್ನ ಅದೇ ಗುಂಡಿಗೆ ಇಳಿಸಿದ್ದೀಯ ನೀನು."

"ನಾನೇನು ಮಾಡ್ಲಿ ಆಂಟೆ? ಬರಬೇಡ ಅನ್ಲಾ?"

"ಆ ಫ್ಲಾಪಿ ನಂಗೆ ಕೊಡು. ಹಾಳಾಯ್ತು ಅಂತ ಅವಳಿಗೆ ಹೇಳು. ಹಳೇ ಫ್ಲಾಪಿ ತಾನೇ, ನಂಬ್ತಾಳೆ. ನಾನು ಸುಟ್ಟುಹಾಕ್ತೀನಿ."

"ಅದರ ಪ್ರತಿ ಇಲ್ಲ. ಸುಟ್ರೆ ಮುಗೀತು."

"ಮುಗೀಲಿ ಅಂತಾನೇ ಕೇಳ್ತಿರೋದು."

ರಸ್ ಎರಡು ದಿನ ಯೋಚಿಸಿ ಕೊಟ್ಟ. ವೆಸ್ನಾಳ ಕ್ಯಾಂಟೀನಿನ ಕೆಲಸ ಹೋದದ್ದು ಅವನ ಕಣ್ಣಿಗೆ ಕಟ್ಟಿತ್ತು. ಯಂತ್ರ ತನಗೇ ಉಳಿಯುತ್ತದೆ ಎಂಬ ಯೋಚನೆಯೂ ಬಂದಿತ್ತು, ಹಾಗೆಂದು ಅವನೇ ನನಗೆ ಹೇಳಿದ. ವೆಸ್ನಾ ಬಂದಾಗ ಶೆಡ್ಡಿನ ಹೊರಗೇ ನಿಂತು, ಡಿಸ್ಕ್ ಓದುತ್ತಿಲ್ಲ, ಹಳೆಯದಾಗಿ ಸತ್ತುಹೋಗಿದೆ ಎಂದ. ಅವಳು ಅಳಲಿಲ್ಲ. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಹೌದಾ" ಎಂದಳು. "ನೀನು ತುಂಬ ಮಾಡಿದೆ ರಸ್. ಜಾನೀನ್‌ಗೂ ಹೇಳು."

ಆಮೇಲೆ ಬರಲಿಲ್ಲ. ಕೆಲವು ವಾರಗಳಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳೆಂದು ಕೇಳಿದೆವು. ನಾವು ಮಾಡಿದ್ದು ಸರಿಯೇ ಎಂದುಕೊಂಡೆವು. ನಾವು ಎನ್ನುತ್ತೇನೆ, ಏಕೆಂದರೆ ರಸ್ ನನ್ನನ್ನು ಕೇಳಿದ್ದ, ನಾನು ಕೊಡು ಎಂದಿದ್ದೆ.

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ರಸ್‌ಗೆ ಆಂಟೆಯ ಫೋನ್ ಬಂತು. ಬಂದರಿನ ರಸ್ತೆಯ ಬಾಡಿಗೆ ಗೋದಾಮುಗಳ ಹತ್ತಿರ ಬಾ, ಉಪಕರಣಗಳನ್ನೂ ತಾ ಎಂದಷ್ಟೇ ಹೇಳಿದ. ನಾನು ಅಲ್ಲೇ ಇದ್ದೆ, ಜೊತೆಗೆ ಹೋದೆ. ಸಾಲುಸಾಲು ತಗಡಿನ ಕೋಣೆಗಳು. ಒಂದರ ಷಟರ್ ಅರ್ಧ ಎತ್ತಿತ್ತು. ಒಳಗೆ ಆಂಟೆ, ಒಂದು ಮಡಚುವ ಕುರ್ಚಿ, ಮತ್ತು ಮೇಜಿನ ಮೇಲೆ ಅದೇ ಮಾದರಿಯ ಇನ್ನೊಂದು ಸ್ಯಾಂಪ್ಲರ್.

"ಅಡಿಲೇಡಿಂದ ತರಿಸ್ದೆ" ಎಂದ ನೆಲ ನೋಡುತ್ತ. "ನಿನ್ನೆಯಿಂದ ಓದ್ತಾ ಇಲ್ಲ. ಕಿರ್ ಕಿರ್ ಅಂತಿದೆ. ನೋಡಿಕೊಡು."

ರಸ್ ಕದಲಲಿಲ್ಲ. "ಸುಡ್ತೀನಿ ಅಂದಿದ್ದೆ ನೀನು."

"ಸುಡೋಕೇ ಹೋಗಿದ್ದೆ. ಬೆಂಕಿನೂ ಹಾಕಿದ್ದೆ ಹಿತ್ತಲಲ್ಲಿ." ಆಂಟೆ ಕೈಯನ್ನು ಮುಖದ ಮೇಲೆ ಎಳೆದುಕೊಂಡ. "ನಿಂಗೆ ಕೈ ಮುಗೀತೀನಿ, ಮೊದ್ಲು ನೋಡು."

ರಸ್ ಡಿಸ್ಕನ್ನು ಹೊರತೆಗೆದು, ಅದರ ತಗಡಿನ ಮುಚ್ಚಳ ಸರಿಸಿ ಬೆಳಕಿಗೆ ಹಿಡಿದ. ಒಳಗಿನ ಕಂದು ಹಾಳೆಯ ಮೇಲೆ ಉಂಗುರದ ಹಾಗೆ ಗೀರುಗಳು. ಕೆಲವು ಕಡೆ ಕಂದು ಬಣ್ಣವೇ ಎದ್ದುಹೋಗಿ ಆಚೆಯ ಬೆಳಕು ಕಾಣುತ್ತಿತ್ತು. ಯಂತ್ರದೊಳಗೆ ಡಿಸ್ಕ್ ಓದುವ ಹೆಡ್ಡಿನ ಸುತ್ತ ಅದೇ ಬಣ್ಣದ ಪುಡಿ ಮೆತ್ತಿಕೊಂಡಿತ್ತು. ಅಗ್ಗಕ್ಕೆ ಬಂದ ಯಂತ್ರ. ಯಾರೂ ಅದನ್ನು ಒರೆಸಿಯೇ ಇರಲಿಲ್ಲ. ಹಾಕಿದಾಗಲೆಲ್ಲ ಅದು ಡಿಸ್ಕನ್ನು ಸ್ವಲ್ಪ ಸ್ವಲ್ಪವೇ ಕೆರೆದುಹಾಕಿತ್ತು.

"ಸರಿಯಾಗುತ್ತಾ?" ಎಂದ ಆಂಟೆ.

"ಇಲ್ಲ."

"ನಿನ್ನ ಯಂತ್ರದಲ್ಲಿ?"

"ಅದರ ಮೇಲೆ ಇದ್ದದ್ದೇ ಹೋಗಿದೆ ಆಂಟೆ. ಈ ಪುಡೀಲಿ ಇದೆ ಈಗ."

ಆಂಟೆ ಕುರ್ಚಿಯಲ್ಲಿ ಕೂತ. ಯಂತ್ರ ಇನ್ನೂ ಚಾಲೂ ಇತ್ತು. ನಡುವಿನ ಬಿಳಿ ಕೀಯನ್ನು ಒತ್ತಿದ, ಬರೀ ಪ್ಲಾಸ್ಟಿಕ್ಕಿನ ಟಕ್ ಎಂಬ ಸದ್ದು ಬಂತು. ಮತ್ತೆ ಒತ್ತಿದ. ನಾವು ಹೊರಗೆ ಬಂದೆವು. ಅವನು ಹಾಗೇ ಒತ್ತುತ್ತಿರುವುದು ಹೊರಗೂ ಕೇಳುತ್ತಿತ್ತು.

"ವೆಸ್ನಾಗೆ ಹೇಳ್ಬೇಕು" ಎಂದ ರಸ್.

"ಈಗ ಹೇಳಿ ಏನಾಗುತ್ತೆ?"

"ಏನೂ ಆಗಲ್ಲ. ಹೇಳ್ಬೇಕು ಅಷ್ಟೇ."

ವೆಸ್ನಾ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ರಸ್ ಬೇಲಿಯ ಪಕ್ಕ ನಿಂತು, ಮೊದಲು ತಾನು ಹೇಳಿದ ಸುಳ್ಳನ್ನು, ಆಮೇಲೆ ಆಂಟೆಗೆ ಕೊಟ್ಟದ್ದನ್ನು ಹೇಳಿದ. ಅವಳು ಬಟ್ಟೆ ಮಡಚುತ್ತಲೇ ಕೇಳಿದಳು.

"ನಂಗೆ ಅವತ್ತೇ ಗೊತ್ತಾಯ್ತು" ಎಂದಳು. "ನಿಂಗೆ ಸುಳ್ಳು ಹೇಳೋಕೆ ಬರಲ್ಲ ರಸ್. ಆಂಟೆ ಹತ್ರ ಇದೆ ಅಂತಾನೂ ಗೊತ್ತು. ಭಾನುವಾರ ಮೀನಿಗೆ ಹೋಗ್ತೀನಿ ಅಂತಾನೆ, ಒಂದು ಮೀನೂ ತರಲ್ಲ. ಕೇಳಿಕೊಳ್ಳಲಿ ಬಿಡು ಅಂದ್ಕೊಂಡೆ. ನಂಗೆ ಬೇಕು ಅನ್ನಿಸಿದಾಗೆಲ್ಲ, ಅವನ ಹತ್ರ ಇದೆಯಲ್ಲ ಅಂದ್ಕೊಂಡು ಸುಮ್ಮನಾಗ್ತೀನಿ. ಅದ್ರಿಂದಾನೇ ಕೆಲಸಕ್ಕೆ ಹೋಗೋಕಾಗ್ತಿದೆ ನಂಗೆ."

ಅವಳು ಮಡಚುವುದನ್ನು ನಿಲ್ಲಿಸಿದಳು.

"ಈಗ ಯಾಕೆ ಬಂದು ಹೇಳ್ತಿದ್ದೀಯ?"

"ಹೋಯ್ತು ವೆಸ್ನಾ. ಈ ಸಲ ನಿಜವಾಗ್ಲೂ ಹೋಯ್ತು."

ಅವಳು ಕೈಯಲ್ಲಿದ್ದ ಅಂಗಿಯನ್ನು ಬುಟ್ಟಿಗೆ ಹಾಕಲು ಹೋದಳು, ಅದು ನೆಲಕ್ಕೆ ಬಿತ್ತು. ಎತ್ತಲಿಲ್ಲ. ತಂತಿಯನ್ನು ಹಿಡಿದುಕೊಂಡು ನಿಂತಳು. ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಅಷ್ಟು ಹೊತ್ತು ಒಬ್ಬ ಮನುಷ್ಯ ಸದ್ದಿಲ್ಲದೆ ಅತ್ತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಗೆ, "ಆಂಟೆ ಎಲ್ಲಿದಾನೆ?" ಎಂದಳು.

"ಗೋದಾಮಲ್ಲಿ."

"ಒಬ್ನೇ ಬಿಟ್ಟು ಬಂದ್ರಾ?"

ಮೂವರೂ ರಸ್‌ನ ಗಾಡಿ ಹತ್ತಿದೆವು. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು: ಅವನು ಕದ್ದು ಕೇಳುತ್ತಿದ್ದುದು ತನಗೆ ಗೊತ್ತಿತ್ತು ಎಂಬುದನ್ನು ತಾನೇ ಅವನಿಗೆ ಹೇಳಬೇಕು, ನೀವಿಬ್ಬರೂ ಹೇಳಕೂಡದು. ಷಟರ್ ಕೆಳಗೆ ಬಗ್ಗಿ ಒಳಗೆ ಹೋದಳು. ನಾವು ಗಾಡಿಯಲ್ಲೇ ಕೂತೆವು. ಕೊಲ್ಲಿಯ ಕಡೆಯಿಂದ ಗಾಳಿ ಬೀಸಿ ಧೂಳು ಗಾಜಿನ ಮೇಲೆ ಕೂರುತ್ತಿತ್ತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಆಂಟೆ ಕೂಗಿದ್ದು ಕೇಳಿತು. ಸಿಟ್ಟೋ ಅಳುವೋ ತಿಳಿಯಲಿಲ್ಲ. ಆಮೇಲೆ ಸದ್ದಿಲ್ಲ. ಇಬ್ಬರೂ ಹೊರಬಂದಾಗ ನಮ್ಮ ಕಡೆ ನೋಡಲಿಲ್ಲ. ಆಂಟೆಯ ಗಾಡಿ ಹತ್ತಿ ಹೊರಟುಹೋದರು.

ಆ ವರ್ಷ ಕಳೆಯುವುದರೊಳಗೆ ಅವರು ಮನೆ ಮಾರಿದರು. ಅವಳು ತಂಗಿಯ ಊರಿಗೆ ಹೋದಳೆಂದರು ಕೆಲವರು, ಇಬ್ಬರೂ ಪಶ್ಚಿಮದ ಗಣಿಗಳ ಕಡೆ ಹೋದರೆಂದರು ಕೆಲವರು. ಜೊತೆಗೆ ಹೋದರೋ ಬೇರೆಬೇರೆಯೋ ಎಂದು ಖಚಿತವಾಗಿ ಹೇಳುವವರು ಯಾರೂ ಇರಲಿಲ್ಲ. ರಸ್ ಶುಕ್ರವಾರಗಳಂದು ಈಗಲೂ ನುಡಿಸುತ್ತಾನೆ. ಹಳೇ ಸಾಮಾನಿನ ಅಂಗಡಿಗೂ ಹೋಗುತ್ತಾನೆ. ಆದರೆ ಯಂತ್ರದ ಜೊತೆ ಫ್ಲಾಪಿಗಳ ಡಬ್ಬ ಬಂದರೆ, ಅದನ್ನು ತೆರೆಯದೆ ಅಂಗಡಿಯವನ ಕಡೆಗೇ ತಳ್ಳಿ, "ಇದರೋರು ಯಾರು ಅಂತ ಗೊತ್ತಾ?" ಎಂದು ಕೇಳುತ್ತಾನೆ. ಸಾಮಾನ್ಯವಾಗಿ ಅವನಿಗೆ ಗೊತ್ತಿರುವುದಿಲ್ಲ.