ಅಕ್ಕ ಕೇಳಿದ ಪಂದ್ಯ

ಊರಿನ ಹಾಕಿ ತಂಡದ ಪಂದ್ಯಗಳನ್ನು ಟಿವಿಯವರು ತೋರಿಸುತ್ತಿರಲಿಲ್ಲ. ದೊಡ್ಡ ಊರಿನ ತಂಡಗಳ ಮುಂದೆ ಇವರದೇನು ಮಹಾ ಎಂದು ಅವರ ಭಾವನೆ. ಕ್ರೀಡಾಂಗಣಕ್ಕೆ ಹೋಗಲಾಗದವರಿಗೆ ಊರಿನ ರೇಡಿಯೋವೇ ಗತಿ, ಮತ್ತು ಪಂದ್ಯದ ದಿನ ರೇಡಿಯೋ ಎಂದರೆ ಕಂಚು. ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಕಂಚಿನ ಕಂಠದವನೆಂದು ಯಾರೋ ಕರೆದದ್ದು ಹಾಗೇ ಅಂಟಿಕೊಂಡಿತ್ತು. ಅವನು ಬಾಯಿ ಬಿಟ್ಟರೆ ಆಟ ಕಣ್ಣಿಗೆ ಕಟ್ಟಿದಂತಿರುತ್ತಿತ್ತು. ಯಾರ ಬೂಟಿನ ದಾರ ಬಿಚ್ಚಿದೆ, ಯಾರು ಅಂಪೈರ್ ಬೆನ್ನ ಹಿಂದೆ ಮೂತಿ ಸೊಟ್ಟ ಮಾಡಿದರು, ಒಂದನ್ನೂ ಬಿಡುತ್ತಿರಲಿಲ್ಲ.

ಅಷ್ಟು ವಿವರ ಹೇಳುವ ಚಟ ಹತ್ತಿದ್ದು ಅಕ್ಕನಿಂದ. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳ ಗಂಡ, ಎಂದರೆ ಕಂಚುವಿನ ಭಾವ, ಅದೇ ತಂಡದ ಹಿರಿಯ ಆಟಗಾರ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನ ಗೆರೆಯಿಂದ ಚೆಂಡಿಗೆ ಎದುರಾಗಿ ಮೊದಲು ನುಗ್ಗುವವನು ಅವನು. ಹೊಡೆತಕ್ಕೆ ಮೈ ಒಡ್ಡುವುದೇ ಕೆಲಸ. ಮೊಣಕಾಲು, ಪಕ್ಕೆಲುಬು, ಹಲ್ಲು, ಎಲ್ಲವೂ ಒಂದೊಂದು ಸಲ ಆಸ್ಪತ್ರೆ ಕಂಡಿದ್ದವು. ಅಕ್ಕ ಮದುವೆಯಾದ ಹೊಸದರಲ್ಲಿ ಒಮ್ಮೆ ಕ್ರೀಡಾಂಗಣಕ್ಕೆ ಹೋಗಿದ್ದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

"ನನ್ನ ಕಣ್ಣಲ್ಲಿ ನೋಡೋಕಾಗಲ್ಲಪ್ಪ. ನಿನ್ನ ಬಾಯಲ್ಲಿ ಕೇಳ್ತೀನಿ, ಸಾಕು," ಎಂದಿದ್ದಳು.

ಅವಳ ಮನೆ ಗುಡ್ಡದ ಹಿಂದಿನ ತಗ್ಗಿನ ಓಣಿಯಲ್ಲಿತ್ತು. ರೇಡಿಯೋ ಗೋಪುರ ಗುಡ್ಡದ ಈಚೆ. ಹೀಗಾಗಿ ಓಣಿಗೆಲ್ಲ ಬರೀ ಗೊರಗೊರ. ಅಕ್ಕನ ಅಡುಗೆಮನೆ ಕಿಟಕಿಯಲ್ಲಿ ಮಾತ್ರ, ರೇಡಿಯೋವನ್ನು ಸ್ವಲ್ಪ ಓರೆಯಾಗಿಟ್ಟು ಅದರ ಕಡ್ಡಿಗೆ ಒಂದು ತಂತಿ ಸಿಕ್ಕಿಸಿದರೆ, ಕಂಚುವಿನ ದನಿ ತೊಳೆದಿಟ್ಟಂತೆ ಬರುತ್ತಿತ್ತು. ಪಕ್ಕದ ಮನೆಯ ದರ್ಜಿ ಹೆಂಗಸು ಹೊಲಿಗೆ ಹಿಡಿದು ಅಲ್ಲಿಗೇ ಬಂದು ಕೂರುತ್ತಿದ್ದಳು.

ಆ ದಿನ ಮಧ್ಯಾಹ್ನದ ಪಂದ್ಯ. ಆಗಷ್ಟೇ ನೀರು ಹಾಯಿಸಿದ್ದ ನೀಲಿ ಹಾಸಿನ ಮೇಲೆ ಚೆಂಡು ಜಾರಿ ಜಾರಿ ಓಡುತ್ತಿತ್ತು. ಎದುರಾಳಿಗೆ ಪೆನಾಲ್ಟಿ ಕಾರ್ನರ್. ಭಾವ ಎಂದಿನಂತೆ ನುಗ್ಗಿದ. ಚೆಂಡು ನೇರ ಎದೆಗೆ ಬಡಿದ ಸದ್ದು ಮೇಲಿನ ಗಾಜಿನ ಕೋಣೆಯಲ್ಲಿದ್ದ ಕಂಚುವಿಗೂ ಕೇಳಿಸಿತು. ಭಾವ ಎರಡು ಹೆಜ್ಜೆ ಇಟ್ಟ, ಏನೋ ಕಳೆದುಕೊಂಡವನಂತೆ ಸುತ್ತ ನೋಡಿದ, ಮುಗ್ಗರಿಸಿ ಬಿದ್ದ. ಕೈ ಊರಲಿಲ್ಲ. ಮುಖವೇ ಮೊದಲು ನೆಲಕ್ಕೆ ತಾಗಿತು.

ಕಂಚು ಎದ್ದು ಗಾಜಿಗೆ ಹಣೆಯೊತ್ತಿ ನಿಂತ. ವೈದ್ಯರು ಓಡಿ ಬಂದು ಎದೆ ಒತ್ತತೊಡಗಿದ್ದನ್ನು ಕಂಡ. ಪಕ್ಕದಲ್ಲಿದ್ದ ತಂತಿಮಾಮ, ಯಂತ್ರ ನೋಡಿಕೊಳ್ಳುವ ಹಿರಿಯ, ಮೊಣಕೈಯಿಂದ ತಿವಿದು ಕೈಸನ್ನೆ ಮಾಡಿದ: ಮಾತಾಡು.

ಅಕ್ಕ ಒಲೆ ಮುಂದೆ ನಿಂತಿದ್ದಾಳೆ, ಇದನ್ನು ರೇಡಿಯೋದಲ್ಲಿ ಕೇಳಬಾರದು ಎನಿಸಿತು ಅವನಿಗೆ. ಯಾರಾದರೂ ಹೋಗಿ ಕೈ ಹಿಡಿದು ಹೇಳಲಿ. ಅಲ್ಲಿಯವರೆಗೆ, ಒಂದು ಗಳಿಗೆ ಅಷ್ಟೇ.

"ಬಿದ್ದಿದ್ದಾರೆ, ಆದರೆ ಗಾಬರಿಯಿಲ್ಲ," ಎಂದ. "ಏಳುತ್ತಿದ್ದಾರೆ. ಎದ್ದರು."

ತಂತಿಮಾಮ ಮೈಕಿನ ಗುಂಡಿ ಒತ್ತಿ ದನಿ ಹೊರಹೋಗದಂತೆ ತಡೆದ. "ಏನೋ ಇದು? ಕಣ್ಣಿಲ್ವಾ ನಿಂಗೆ?"

"ಅಕ್ಕ ಕೇಳ್ತಿದಾಳೆ ಮಾಮ. ತಂಡದ ಮ್ಯಾನೇಜರ್ ಕಾರು ತಗೊಂಡು ಹೋಗ್ತಾರೆ ಬಿಡು. ಅವಳನ್ನ ಅವರೇ ಕರ್ಕೊಂಡು ಹೋಗ್ತಾರೆ."

"ಹೋಗ್ತಾರೆ ಅಂತ ಹೇಳಿದ್ರಾ?"

ಹೇಳಿರಲಿಲ್ಲ. ಕೆಳಗೆ ಮ್ಯಾನೇಜರ್ ಗಾಜಿನ ಕೋಣೆಯತ್ತ ತಲೆಯೆತ್ತಿ ನೋಡಿ, ಭಾಮೈದ ಇದ್ದಾನಲ್ಲ, ಮನೆಯವರಿಗೆ ಅವನೇ ತಿಳಿಸುತ್ತಾನೆ ಎಂದುಕೊಂಡು ಆಂಬ್ಯುಲೆನ್ಸ್ ಹತ್ತಿದ. ಅದನ್ನು ಗಮನಿಸದೆ ಕಂಚು ಅಕ್ಕನ ಫೋನಿಗೆ ಕರೆ ಮಾಡಿದ; ಯಾರೂ ಎತ್ತಲಿಲ್ಲ. ಪಂದ್ಯದ ಹೊತ್ತಿನಲ್ಲಿ ಅವಳು ಫೋನನ್ನು ಒಳಕೋಣೆಯಲ್ಲಿ ದಿಂಬಿನ ಕೆಳಗೆ ತುರುಕಿಡುವುದು ಅವನಿಗೂ ಗೊತ್ತಿತ್ತು. ಆಟ ಮತ್ತೆ ಶುರುವಾಯಿತು. ಅವನು ಮಾತಾಡಲೇಬೇಕಾಯಿತು.

ಒಂದು ಸುಳ್ಳಿಗೆ ಇನ್ನೊಂದನ್ನು ಆನಿಸಬೇಕಾಯಿತು. ಭಾವ ಬೆಂಚಿನ ಮೇಲೆ ಕೂತಿದ್ದಾನೆ. ಹೆಗಲ ಮೇಲೆ ಟವೆಲ್ ಇದೆ. ನೀರು ಕುಡಿಯುತ್ತಿದ್ದಾನೆ. ಹುಡುಗರನ್ನು ಬೈಯುತ್ತಿದ್ದಾನೆ. ಖಾಲಿ ಬೆಂಚನ್ನು ನೋಡುತ್ತಾ ಕಂಚು ಅದೆಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಸ್ವಲ್ಪ ಧೈರ್ಯ ಬಂದಂತಾಗಿ, ಕೊನೆಗೆ ಭಾವನಿಂದ ಕೈಯನ್ನೂ ಬೀಸಿಸಿದ.

ಓಣಿಯಲ್ಲಿ ಅಷ್ಟರಲ್ಲಿ ದರ್ಜಿಗೆ ಕ್ರೀಡಾಂಗಣದಿಂದ ತಮ್ಮನ ಫೋನು ಬಂದಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. "ಅಕ್ಕಾ, ಆಸ್ಪತ್ರೆಗೆ ತಗೊಂಡು ಹೋದ್ರಂತೆ. ಸ್ಥಿತಿ ಚೆನ್ನಾಗಿಲ್ವಂತೆ. ನಡೀರಿ, ಆಟೋ ಹಿಡಿಯೋಣ."

ಅಕ್ಕ ನಕ್ಕುಬಿಟ್ಟಳು. "ನಿನ್ನ ತಮ್ಮ ಎಲ್ಲಿ ಕೂತಿದಾನೋ ಏನೋ. ನನ್ನ ತಮ್ಮ ಎದುರಿಗೇ ನೋಡ್ತಿದಾನೆ. ನೀರು ಕುಡೀತಿದಾರೆ ಅಂತ ಈಗಷ್ಟೇ ಹೇಳಿದ್ನಲ್ಲ, ನೀನೂ ಕೇಳಿಸ್ಕೊಂಡೆ. ಕೂತ್ಕೋ."

ದರ್ಜಿ ರೇಡಿಯೋ ನೋಡಿದಳು, ಅಕ್ಕನನ್ನು ನೋಡಿದಳು, ಕೂತಳು. ಆಮೇಲೆ ಬಹಳ ದಿನ ಅದಕ್ಕಾಗಿ ತನ್ನನ್ನೇ ಶಪಿಸಿಕೊಂಡಳು.

ಪಂದ್ಯ ಗೆದ್ದದ್ದು ಊರಿನ ತಂಡವೇ. ಕೊನೆಯ ಸೀಟಿ ಊದಿದ್ದೇ ಕಂಚು ಮೆಟ್ಟಿಲಿಳಿದು ಓಡಿದ. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಮ್ಯಾನೇಜರ್ ಒಬ್ಬನೇ ಗೋಡೆಗೊರಗಿ ನಿಂತಿದ್ದ.

"ಅಕ್ಕ ಎಲ್ಲಿ?" ಎಂದು ಕೇಳಿದರು ಇಬ್ಬರೂ, ಒಟ್ಟಿಗೇ.

ಭಾವ ಅದಾಗಲೇ ಹೋಗಿಬಿಟ್ಟಿದ್ದ. ನಡುವೆ ಒಮ್ಮೆ ಹೃದಯ ಮತ್ತೆ ಹೊಡೆದುಕೊಂಡಿತ್ತಂತೆ. ಕಣ್ಣು ತೆರೆದು, "ಅವಳು ಬಂದ್ಲಾ?" ಎಂದು ಕೇಳಿದ್ದನಂತೆ. ದಾರಿಯಲ್ಲಿದ್ದಾರೆ ಎಂದು ನರ್ಸ್ ಸಮಾಧಾನ ಹೇಳಿದ್ದಳು. ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದನಂತೆ, ಹೃದಯ ಮತ್ತೆ ನಿಲ್ಲುವವರೆಗೆ.

ಅಕ್ಕನನ್ನು ಕರೆತರಲು ಕಂಚುವೇ ಹೋದ. ಅವಳು ಬಾಗಿಲಲ್ಲಿ ನಗುತ್ತಾ ನಿಂತಿದ್ದಳು, ಗೆದ್ದ ಖುಷಿಯಲ್ಲಿ. ಅವನ ಮುಖ ನೋಡಿದ್ದೇ ನಗು ಜಾರಿತು. ಅವಳು ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಕೇಳಿದಳು.

"ಟವೆಲ್ ಯಾವ ಬಣ್ಣದ್ದು?"

ಕಂಚುವಿಗೆ ಅರ್ಥವಾಗಲಿಲ್ಲ.

"ಹೆಗಲ ಮೇಲೆ ಟವೆಲ್ ಹಾಕ್ಕೊಂಡಿದಾರೆ ಅಂದ್ಯಲ್ಲ. ನಾನು ಬಿಳೀದು ಅಂದ್ಕೊಂಡಿದ್ದೆ."

ಅವನು ಅಳತೊಡಗಿದ. ಅವಳು ರಸ್ತೆಯ ಕಡೆ ತಿರುಗಿ ಕೂತಳು.

ಊರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಮುಂದಿನ ಪಂದ್ಯದಲ್ಲಿ ಅವನು ಗೋಲ್ ಎಂದು ಕೂಗಿದಾಗ ಚಹಾದಂಗಡಿಯಲ್ಲಿ ಯಾರೋ ಒಬ್ಬ "ನಿಜವಾಗ್ಲೂ?" ಎಂದನಂತೆ, ಕೂತವರೆಲ್ಲ ನಕ್ಕರಂತೆ. ಸ್ಕೋರ್ ಖಚಿತವೇ ಎಂದು ಕೇಳಲು ರೇಡಿಯೋ ಕಚೇರಿಗೆ ಫೋನುಗಳು ಬಂದವು. ತಂತಿಮಾಮ ಒಂದಕ್ಕೂ ಉತ್ತರಿಸದೆ ಫೋನನ್ನು ಮಗುಚಿಟ್ಟ. ಋತು ಮುಗಿಯುವ ಮೊದಲೇ ಕಂಚು ಮೈಕು ಬಿಟ್ಟ. ಈಗ ಅದೇ ಕಟ್ಟಡದ ಕೆಳಮಹಡಿಯಲ್ಲಿ ಹಳೆಯ ಯಂತ್ರಗಳ ಉಗ್ರಾಣ ಕಾಯುತ್ತಾನೆ. ಅಲ್ಲಿ ಮಾತಿನ ಅಗತ್ಯ ಬೀಳುವುದಿಲ್ಲ.

ಅಕ್ಕ ಅವನಿಗೆ ಬಾಗಿಲು ಮುಚ್ಚಲಿಲ್ಲ. ರಜೆಯ ದಿನ ಹೋದರೆ ತಟ್ಟೆ ಇಡುತ್ತಾಳೆ, ಸೊರಗಿದ್ದೀ ಎನ್ನುತ್ತಾಳೆ, ಅಂಗಿಯ ಗುಂಡಿ ಕಿತ್ತಿದ್ದರೆ ಹೊಲಿದು ಕೊಡುತ್ತಾಳೆ. ಅವನಿಗೂ ಒಮ್ಮೊಮ್ಮೆ, ಎಲ್ಲ ಸರಿಹೋಯಿತೇನೋ ಎನಿಸುತ್ತದೆ.

ಮೊನ್ನೆಯೂ ಹಾಗೇ ಹೋಗಿದ್ದ. ಕೊಡೆ ಮಡಚಿ ಮೂಲೆಗಿಟ್ಟು, "ಹೊರಗೆ ಮಳೆ ಜೋರಾಗಿದೆ ಅಕ್ಕ, ಬಟ್ಟೆ ಒಳಗೆ ತಗೋ," ಎಂದ.

ಅವನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಸೌಟನ್ನು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, ಬಾಗಿಲವರೆಗೆ ನಡೆದುಹೋಗಿ ಹೊರಗೆ ಕೈ ಚಾಚಿ ನೋಡಿದಳು. ಆಮೇಲೆ ಬಟ್ಟೆ ತರಲು ಹೋದಳು.