ನಾಲ್ಕನೆಯ ಚಕ್ರ

ಭಾವ ತೀರಿಹೋದ ಮೂರನೆಯ ದಿನ, ಬಂಡೆಗಳ ನಡುವೆ ಮಗುಚಿದ ಅವರ ಜೀಪನ್ನು ಎಳೆದು ತಂದು ನನ್ನ ಟೈರ್ ಅಂಗಡಿಯ ಮುಂದೆಯೇ ನಿಲ್ಲಿಸಿದರು.

ಬೀಡ್‌ಲಾಕ್ ಚಕ್ರಗಳು. ಕಲ್ಲುದಾರಿಯಲ್ಲಿ ಟೈರು ಕಳಚದಂತೆ ಅದರ ಅಂಚನ್ನು ಒಂದು ಉಂಗುರ ಒತ್ತಿ ಹಿಡಿಯುತ್ತದೆ; ಉಂಗುರಕ್ಕೆ ಮೂವತ್ತೆರಡು ಬೋಲ್ಟು. ಮೂರು ಚಕ್ರಗಳನ್ನು ಭಾವ ಮನೆಯಲ್ಲೇ ಕೂತು ಜೋಡಿಸಿದ್ದರು. ಎದುರುಬದುರು ಬೋಲ್ಟುಗಳನ್ನು ಕೈಯಿಂದ ಸ್ವಲ್ಪಸ್ವಲ್ಪವೇ ಬಿಗಿದು, ಕದಲಿದರೆ ಗೊತ್ತಾಗಲೆಂದು ಒಂದೊಂದಕ್ಕೂ ಬಿಳಿ ಬಣ್ಣದ ಗೀಟು ಎಳೆದು, ಚಕ್ರಕ್ಕೊಂದು ದಿನದಂತೆ.

“ಬೋಲ್ಟುಗಳಿಗೆ ಸಿಂಗಾರ ಮಾಡ್ತಾ ಕೂತಿದ್ದೀರಾ ಭಾವ? ಕೊಡಿ ಇಲ್ಲಿ, ಹತ್ತು ನಿಮಿಷದ ಕೆಲಸ” ಎಂದು ನಾಲ್ಕನೆಯದನ್ನು ನಾನೇ ಹೊತ್ತು ತಂದಿದ್ದೆ. ಇಪ್ಪತ್ತು ವರ್ಷ ಕೈ ಪಳಗಿದವನೆಂಬ ಸೊಕ್ಕು. ಬೋಲ್ಟು ತಿರುಗಿಸುವ ಗಾಳಿ ಗನ್ನು ಹಿಡಿದು, ಸುತ್ತಲೂ ಸಾಲಾಗಿ, ಒಂದೇ ಸಲಕ್ಕೆ ಬಿಗಿದುಬಿಟ್ಟಿದ್ದೆ.

ಈಗ ಮೊಣಕಾಲೂರಿ ನೋಡಿದೆ. ಗೀಟಿದ್ದ ಮೂರರಲ್ಲಿ ಒಂದು ಬೋಲ್ಟೂ ಕದಲಿರಲಿಲ್ಲ. ಗೀಟಿಲ್ಲದ ಚಕ್ರದಲ್ಲಿ ಹನ್ನೊಂದು ಬೋಲ್ಟು ಉದುರಿಹೋಗಿದ್ದವು. ಉಂಗುರ ಬಾಯಿಬಿಟ್ಟು, ಟೈರು ಅಲ್ಲಿಂದಲೇ ಕಿತ್ತು ಬಂದಿತ್ತು.

ಅಕ್ಕ ಬಂದು ಹಿಂದೆ ನಿಂತಳು.

“ಬಡ್ಕೊಂಡೆ ಕಣೋ, ಎಲ್ಲಾನೂ ಅಂಗಡೀಲೇ ಹಾಕಿಸ್ಕೊಳ್ಳಿ ಅಂತ. ಕೇಳಿದ್ರಾ? ಹೊರಡೋ ದಿನ ಬೆಳಿಗ್ಗೇನೂ ಸ್ಪಾನರ್ ಹಿಡ್ಕೊಂಡು ಮೂರು ಚಕ್ರ ಮತ್ತೆ ಬಿಗಿ ನೋಡಿದ್ರು. ನಾಲ್ಕನೇದು ಯಾಕೆ ಬಿಟ್ರಿ ಅಂತ ಕೇಳ್ದೆ.”

ನನ್ನ ಬೆರಳು ಬೋಲ್ಟು ಉದುರಿದ ಒಂದು ತೂತಿನ ಮೇಲಿತ್ತು.

“‘ಅದು ನಿನ್ನ ತಮ್ಮ ಹಾಕಿದ್ದು, ನೋಡೋದೇ ಬೇಡ’ ಅಂದ್ರು.”